ಡ್ರಮ್ಮಿನ ಬೆಣ್ಣೆಹಣ್ಣಿನ ಗಿಡಕ್ಕೆ ನೀರೆಷ್ಟು?

ಪ್ರಶ್ನೆ: ಮಾನ್ಯರೇ, ಡ್ರಮ್ಮಿನಲ್ಲಿ ನೆಟ್ಟ ಬೆಣ್ಣೆಹಣ್ಣಿನ ಕಸಿ ಗಿಡಕ್ಕೆ ದಿನವೂ ನೀರು ಹಾಕುತ್ತಿದ್ದರೂ ಎಲೆಗಳು ಹಳದಿಯಾಗಿ ಬಾಡುತ್ತಿವೆ. ಏನು ಮಾಡಲಿ?
– ಓದುಗರು, ಸಕಲೇಶಪುರ

ಉತ್ತರ: ದಿನವೂ ನೀರು ಹಾಕುತ್ತಿರುವುದೇ ಬಹುಶಃ ಕಾರಣ. ಬೆಣ್ಣೆಹಣ್ಣಿನ ಬೇರುಗಳು ಹೆಚ್ಚಾಗಿ ಮಣ್ಣಿನ ಮೇಲ್ಪದರದಲ್ಲೇ ಹರಡುತ್ತವೆ. ನೀರು ನಿಂತು ಗಾಳಿಯಾಡದಿದ್ದರೆ ಅವು ಫೈಟಾಫ್ತೊರಾ ಎಂಬ ರೋಗಾಣುವಿಗೆ ತುತ್ತಾಗಿ ಕೊಳೆಯುತ್ತವೆ, ಕೊಳೆತ ಬೇರು ನೀರು ಹೀರಲಾರದೆ ಗಿಡ ಬಾಡಿದಾಗ ಬಾಯಾರಿಕೆಯೆಂದು ಭಾವಿಸಿ ನಾವು ಮತ್ತಷ್ಟು ನೀರುಣಿಸುತ್ತೇವೆ. ಮೇಲಿನ 2 ಅಂಗುಲ ಮಣ್ಣು ಒಣಗಿದ ಮೇಲೆಯೇ, ತಳದ ರಂಧ್ರಗಳಿಂದ ಹೊರಬರುವಷ್ಟು ನೀರು ಹಾಕಿ. ಡ್ರಮ್ಮನ್ನು ಇಟ್ಟಿಗೆಗಳ ಮೇಲಿಡಿ. ನಿಮ್ಮಲ್ಲಿ ಜಾಗವಿದ್ದರೆ ನೆಲವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ: ಗಿಡ ಚೇತರಿಸಿಕೊಂಡ ಬಳಿಕ, ಮುಂಗಾರಿನ ಅಬ್ಬರ ತಗ್ಗಿದಾಗ, ಇಳಿಜಾರಿನಲ್ಲಿ ಮಣ್ಣು ಏರಿಸಿ, ಕಸಿಗಂಟು ಮಣ್ಣಿನಿಂದ ಮೇಲಿರುವಂತೆ ನೆಡಿ. ಬೇಸಿಗೆಯಲ್ಲಿ ಬುಡದ ಸುತ್ತ, ಕಾಂಡಕ್ಕೆ ತಾಗದಂತೆ, ತರಗೆಲೆ ಹೊದಿಸಿ.