ಸಂಪಾದಕರ ಉತ್ತರ: ಕೋಟ್ಯಧೀಶನ ಮಗಳು ಕೊಟ್ಟರೆ ಏನು ದೊಡ್ಡದು?

ಡೊಂಬಿವಲಿಯ ಓದುಗರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಜೆಮಿಮಾ ಗೋಲ್ಡ್‌ಸ್ಮಿತ್ ಮಾಡಿದ ದಾನ-ಸೇವೆಯ ಬಗ್ಗೆ ಬಂದ ಲೇಖನಕ್ಕೆ ನೀವು ಎರಡು ಪುಟ ಸಿಟ್ಟು ಬರೆದು ಕಳಿಸಿದ್ದೀರಿ. ಕೋಟ್ಯಧೀಶನ ಮಗಳು ದಾನ ಮಾಡಿದರೆ ಏನು ದೊಡ್ಡದು, ಅದೂ ಇಮ್ರಾನ್ ಖಾನ್ ಬಿಟ್ಟ ಹೆಂಡತಿ, ಮುಂಬೈ ಕನ್ನಡಿಗರಿಗೂ ಅವಳಿಗೂ ಏನು ಸಂಬಂಧ ಅಂತ ಕೇಳಿದ್ದೀರಿ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. 'ಇಮ್ರಾನ್ ಮಾಜಿ ಪತ್ನಿಯ ಸೇವೆ' ಅನ್ನೋ ತಲೆಬರಹ ಹಾಕಿದವಳು ನಾನೇ. ಆಕೆಯ ಹೆಸರೇ ಅದರಲ್ಲಿಲ್ಲ! ಲೇಖನದಲ್ಲಿ ಹೊಗಳಿಕೆಯೂ ಸ್ವಲ್ಪ ಜಾಸ್ತಿಯಾಯಿತು. ಆದರೆ 'ಬಿಟ್ಟ ಹೆಂಡತಿ' ಅನ್ನೋ ಮಾತು ನೀವೂ ವಾಪಸ್ ತಗೊಳ್ಳಿ.

ದುಡ್ಡಿನ ವಿಷಯ ನಿಜ. ಅಪ್ಪ ಜೇಮ್ಸ್ ಗೋಲ್ಡ್‌ಸ್ಮಿತ್ ಭಾರೀ ಕುಳ. 1995ರಲ್ಲಿ, 21ನೇ ವಯಸ್ಸಿಗೆ ಇಮ್ರಾನ್‌ನನ್ನು ಮದುವೆಯಾಗಿ ಜೆಮಿಮಾ ಲಾಹೋರಿನ ಕೂಡುಕುಟುಂಬಕ್ಕೆ ಬಂದಳು, ಉರ್ದು ಕಲಿತಳು. ಇಮ್ರಾನ್ ತಾಯಿಯ ಹೆಸರಿನ ಶೌಕತ್ ಖಾನಮ್ ಕ್ಯಾನ್ಸರ್ ಆಸ್ಪತ್ರೆ ಅದೇ ಆಗ, 1994ರ ಡಿಸೆಂಬರಿನಲ್ಲಿ, ಶುರುವಾಗಿತ್ತು. ಬಡವರಿಗೆ ಪುಕ್ಕಟೆ ಚಿಕಿತ್ಸೆ ಅಂದಮೇಲೆ ದುಡ್ಡು ಎಷ್ಟು ಬಂದರೂ ಸಾಲದು, ಅಲ್ವಾ? ಅಪ್ಪನ ಹೆಸರಲ್ಲಿ ಒಂದು ಚೆಕ್ ಬರೆದು ಕೈತೊಳೆದುಕೊಳ್ಳಬಹುದಿತ್ತು. ಅವಳು 1998ರಲ್ಲಿ ಒಂದು ಬಟ್ಟೆ ವ್ಯಾಪಾರ ಶುರುಮಾಡಿದಳು. ಅಲ್ಲಿನ ಬಡ ಹೆಂಗಸರು ಕಸೂತಿ ಹಾಕಬೇಕು, ಮಾಲು ಲಂಡನ್, ನ್ಯೂಯಾರ್ಕಿನಲ್ಲಿ ಮಾರಬೇಕು, ಲಾಭ ಆಸ್ಪತ್ರೆಗೆ. ನಮ್ಮಮ್ಮ ಧಾರವಾಡದವಳು. ಇಳಕಲ್ ಸೀರೆಯ ಸೆರಗಿಗೆ ಕಸೂತಿಯ ಒಂದು ಗೋಪುರ ಹಾಕಬೇಕಾದರೆ ಎಳೆ ಎಣಿಸಿ ಎಣಿಸಿ ಸಂಜೆಯಾಗುತ್ತಿತ್ತು, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಕಂಡರೆ ಬಿಚ್ಚಿ ಮತ್ತೆ. ಅಂಥ ಕೈಗಳಿಗೆ ಕೂಲಿ ಸಿಗುವ ದಾರಿ ಮಾಡುವುದು ಸುಮ್ನೆ ಚೆಕ್ ಬರೆದ ಹಾಗಲ್ಲ.

 

2001ರಲ್ಲಿ ಜೆಮಿಮಾ ಪೇಶಾವರದ ಹತ್ತಿರ ಜಲೋಜೈ ಶಿಬಿರದಲ್ಲಿದ್ದ ಅಫ್ಘಾನ್ ನಿರಾಶ್ರಿತರಿಗೆ ಡೇರೆ, ಬಟ್ಟೆ, ಊಟ ಅಂತ ತನ್ನ ಹೆಸರಲ್ಲೇ ಚಂದಾ ಎತ್ತಿದಳು. ಅದೇ ವರ್ಷ ಮಕ್ಕಳಿಗಾಗಿ ದುಡಿಯುವ ವಿಶ್ವಸಂಸ್ಥೆಯ ಯುನಿಸೆಫ್‌ನ ಬ್ರಿಟನ್ ಶಾಖೆಗೆ ರಾಯಭಾರಿಯಾದಳು. ಪ್ರಸಿದ್ಧ ಮುಖ ಇದ್ದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಫೋಟೋ ಬಂದರೆ ದುಡ್ಡು ಬರುತ್ತದೆ. ಆ ಆಟ ಅವಳಿಗೂ ಗೊತ್ತಿತ್ತು, ನಮಗೂ ಗೊತ್ತು. 2004ರಲ್ಲಿ ವಿಚ್ಛೇದನವಾಯಿತು. ಮರುವರ್ಷ ಅಕ್ಟೋಬರಿನಲ್ಲಿ ಕಾಶ್ಮೀರದ ಆ ಕಡೆ ಭೂಕಂಪವಾದಾಗ ಪಾಕಿಸ್ತಾನದ ಸಂತ್ರಸ್ತರಿಗಾಗಿ ಮತ್ತೆ ದುಡ್ಡು ಎತ್ತಲು ನಿಂತಳು. ಆಗ ಅವಳು ಅಲ್ಲಿನ ಸೊಸೆಯಲ್ಲ, ಯಾರೂ ಕೇಳುವವರಿರಲಿಲ್ಲ. ನನಗೆ ಹಿಡಿಸಿದ್ದು ಅದೇ.

ಇನ್ನು ಮುಂಬೈಗೆ ಏನು ಸಂಬಂಧ? ಒಂದು ಬೆಳಿಗ್ಗೆ ಪರೇಲಿಗೆ ಬನ್ನಿ. ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಹೊರಗೆ ಫುಟ್‌ಪಾತಿನಲ್ಲಿ ನೀಲಿ ಪ್ಲಾಸ್ಟಿಕ್ ಹಾಸಿ ಮಲಗಿದವರಲ್ಲಿ ಕಲಬುರಗಿ, ವಿಜಯಪುರದ ಮಾತು ಕೇಳುತ್ತದೆ. ರಿಪೋರ್ಟಿನ ಚೀಲವನ್ನೇ ತಲೆದಿಂಬು ಮಾಡಿಕೊಂಡಿರುತ್ತಾರೆ. ಲಾಹೋರಿನ ಆ ಬಡ ರೋಗಿಗಳ ಕಷ್ಟವೇ ಇವರದೂ, ಸಂಬಂಧ ಅದೇ.

ಪತ್ರಿಕೆಯ ಚಂದಾ ನಿಲ್ಲಿಸುತ್ತೇನೆ ಅಂದಿದ್ದೀರಿ. ರಿಜಿಸ್ಟರ್ ನೋಡಿದೆ, ನಿಮ್ಮದು ಮಾರ್ಚ್‌ವರೆಗೂ ಕಟ್ಟಿದೆ. ಅಲ್ಲಿಯವರೆಗೆ ಬೈಯ್ಯುತ್ತಾ ಓದುತ್ತಿರಿ.