ಸೈಡರ್ ನಡುದಾರಿಯಲ್ಲಿ ತೂಕಡಿಸಿದರೆ

ಪ್ರಶ್ನೆ: 10 ಲೀಟರ್ ಸೇಬಿನ ರಸಕ್ಕೆ 5 ಗ್ರಾಂ ಯೀಸ್ಟ್ ಹಾಕಿ ಸೈಡರ್‌ಗೆ (ಹುದುಗಿಸಿದ ಸೇಬಿನ ಮದ್ಯಕ್ಕೆ) ಇಟ್ಟಿದ್ದೇನೆ. ಶುರುವಿನಲ್ಲಿ ಹೈಡ್ರೋಮೀಟರ್ (ರಸದ ಸಾಂದ್ರತೆ ಅಳೆಯುವ ಸಾಧನ; ಸಕ್ಕರೆ ಮುಗಿದಂತೆ ಅಂಕಿ ಇಳಿಯುತ್ತದೆ) 1.050 ತೋರಿಸಿತ್ತು. ನಾಲ್ಕು ದಿನ ಜೋರಾಗಿ ಗುಳ್ಳೆ ಬಂತು. 12ನೇ ದಿನ 1.032ಕ್ಕೆ ಬಂದು ಕುಂಟುತ್ತಿದೆ. ಕೋಣೆಯಲ್ಲಿ 14 ಡಿಗ್ರಿ. ಕೊಳೆತ ಮೊಟ್ಟೆಯ ವಾಸನೆಯೂ ಸಣ್ಣಗೆ ಬರುತ್ತಿದೆ. ಇನ್ನೊಂದು ಪೊಟ್ಟಣ ಯೀಸ್ಟ್ ಸುರಿಯಲೇ?

ಉತ್ತರ: ಈಗಲೇ ಬೇಡ. ಯೀಸ್ಟ್ ಸತ್ತಿಲ್ಲ, ಚಳಿಗೆ ಮುದುಡಿದೆ, ಜೊತೆಗೆ ಹಸಿದಿದೆ. ಜಾಡಿಯ ತಳದಲ್ಲಿ ಕೆನೆಬಣ್ಣದ ಗಷ್ಟು ಕೂತಿದೆಯಲ್ಲ, ಅದರಲ್ಲಿ ಬಹುಪಾಲು ಯೀಸ್ಟೇ. ಮೊದಲು ಜಾಡಿಯನ್ನು 18ರಿಂದ 20 ಡಿಗ್ರಿ ಇರುವ ಜಾಗಕ್ಕೆ ಸಾಗಿಸಿ. ಕಂಬಳಿ ಸುತ್ತಿದರೆ ಸಾಲದು, ಕಂಬಳಿ ಕಾವು ಹುಟ್ಟಿಸುವುದಿಲ್ಲ. ಏರ್‌ಲಾಕ್ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಮುಚ್ಚಳದ ಕೊಳವೆ) ತೆಗೆಯದೆ ಜಾಡಿಯನ್ನು ಮೆಲ್ಲಗೆ ತಿರುಗಿಸಿ ಗಷ್ಟನ್ನು ಎಬ್ಬಿಸಿ. ಕುಲುಕಬೇಡಿ, ಗಾಳಿ ಬೆರೆತರೆ ರುಚಿ ಕೆಡುತ್ತದೆ.

ಮೊಟ್ಟೆಯ ವಾಸನೆ ಹೆಚ್ಚಾಗಿ ಸಾರಜನಕದ ಕೊರತೆಯ ಗುರುತು. ಸೇಬಿನ ರಸದಲ್ಲಿ ಸಕ್ಕರೆ ಧಾರಾಳ, ಯೀಸ್ಟ್‌ಗೆ ಬೇಕಾದ ಸಾರಜನಕ ಕಡಿಮೆ. ಡೈಅಮೋನಿಯಂ ಫಾಸ್ಫೇಟ್ 2 ಗ್ರಾಂ ಸಾಕು. ಆಹಾರಕ್ಕೆ ಬಳಸುವಂಥದ್ದೇ ಆಗಬೇಕು, ಹೊಲಕ್ಕೆ ಹಾಕುವ ಡಿಎಪಿ ಅಲ್ಲ! ಕುದಿಸಿ ಆರಿಸಿದ ಸ್ವಲ್ಪ ನೀರಲ್ಲಿ ಕರಗಿಸಿ ಹಾಕಿ. ಪುಡಿಯನ್ನೇ ಉದುರಿಸಿದರೆ ನೊರೆ ಉಕ್ಕಿ ಚೆಲ್ಲುತ್ತದೆ. ನಿಮ್ಮಲ್ಲಿ ಸಕ್ಕರೆಯ ಮೂರನೇ ಒಂದು ಭಾಗದಷ್ಟು ಮುಗಿದಿದೆ, ಇದು ಹಾಕಲು ಹೆಚ್ಚುಕಡಿಮೆ ಕೊನೆಯ ಗಳಿಗೆ. ಅರ್ಧ ದಾಟಿದ ಮೇಲೆ ಯೀಸ್ಟ್ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಒಂದು ವಾರವಾದರೂ ಅಂಕಿ ಕದಲದಿದ್ದರೆ ಮಾತ್ರ ಹೊಸ ಯೀಸ್ಟ್. ಒಣ ಯೀಸ್ಟನ್ನು ನೇರವಾಗಿ ಸುರಿದರೆ ಮದ್ಯಸಾರದ ಏಟಿಗೆ ಬಹಳಷ್ಟು ಸಾಯುತ್ತದೆ. 35 ಡಿಗ್ರಿಯ 50 ಮಿಲಿ ನೀರಲ್ಲಿ 5 ಗ್ರಾಂ ಯೀಸ್ಟ್ 15 ನಿಮಿಷ ನೆನೆಯಲಿ. 100 ಮಿಲಿ ಹೊಸ ರಸ ಸೇರಿಸಿ. ನೊರೆ ಕಟ್ಟಿದ ಮೇಲೆ ನಿಂತುಹೋದ ಸೈಡರನ್ನೇ ಅಷ್ಟೇ ಅಳತೆ ಬೆರೆಸಿ. ಅದೂ ನೊರೆಯಾದರೆ ಜಾಡಿಗೆ ಹಾಕಿ. ಹೊಸ ರಸದ ಪ್ಯಾಕೆಟ್ಟಿನ ಮೇಲೆ ಪೊಟ್ಯಾಸಿಯಂ ಸಾರ್ಬೇಟ್ ಅಥವಾ ಸೋಡಿಯಂ ಬೆಂಜೊಯೇಟ್ ಅಂತ ಇದ್ದರೆ ಅದು ಬೇಡವೇ ಬೇಡ, ಯೀಸ್ಟನ್ನು ತಡೆಯಲೆಂದೇ ಅವನ್ನು ಹಾಕಿರುತ್ತಾರೆ.

ಪ್ರಶ್ನೆ: ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿದೆ. ಬಾಟಲಿಗೆ ತುಂಬಬಹುದೇ?

ಉತ್ತರ: ಗುಳ್ಳೆಯನ್ನು ನಂಬಬೇಡಿ. ಮುಚ್ಚಳ ಸಡಿಲವಿದ್ದರೂ ಗುಳ್ಳೆ ನಿಲ್ಲುತ್ತದೆ. ಹೈಡ್ರೋಮೀಟರನ್ನು ಒಮ್ಮೆ ಗಿರ್ರನೆ ತಿರುಗಿಸಿ, ಅಂಟಿದ ಗುಳ್ಳೆ ಬಿಡಿಸಿ ಅಂಕಿ ನೋಡಿ. ಮೂರು ದಿನ ಬಿಟ್ಟು ಮತ್ತೆ ನೋಡಿ. ಎರಡೂ ಸಲ 1.000 ಅಥವಾ ಅದಕ್ಕೂ ಕೆಳಗೆ ಒಂದೇ ಅಂಕಿ ಬಂದರೆ ತುಂಬಿ. 1.010ರಲ್ಲಿ ನಿಂತದ್ದನ್ನು ತುಂಬಿಟ್ಟರೆ ಸೆಕೆ ಬಂದಾಗ ಯೀಸ್ಟ್ ಮತ್ತೆ ಎದ್ದು ಬಾಟಲಿಯೇ ಸಿಡಿಯಬಹುದು.