ಕಂತು, ಪಾಳಿ ಮತ್ತು ಮನೆಯಲ್ಲಿ ಹೇಳದ ಒಂದು ಸಾಲ

ಮಾನ್ಯರೇ,

ದೇಹವನ್ನು ಕೆಡಿಸುವ ಕೆಲಸವನ್ನು ಬಿಡುವ ಧೈರ್ಯ ಇರಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದ ಮಾತಿಗೆ ನೀವು ಸಿಟ್ಟಿನಿಂದಲೇ ಉತ್ತರಿಸಿದ್ದೀರಿ. "ಧೈರ್ಯವಿದೆ ಸ್ವಾಮಿ, ಐದನೇ ತಾರೀಖಿನ ಕಂತನ್ನು ನೀವು ಕಟ್ಟುತ್ತೀರಾ?" ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆ ಮಾತನ್ನು ಬರೆಯುವಾಗ ಸಾಲವಿರುವ ಮನೆಯನ್ನು ನಾನು ನೆನೆದಿರಲಿಲ್ಲ. ಕೋಲಾರದಂಥ ಜಿಲ್ಲೆಯಲ್ಲಿ ಕುಳಿತು ಅದನ್ನು ಮರೆತದ್ದು ಸಣ್ಣ ತಪ್ಪೇನೂ ಅಲ್ಲ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಇಲ್ಲಿ ಕೊಡುತ್ತೇನೆ. ನಿಮಗೆ 36 ವರ್ಷ. ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಎಂಟು ವರ್ಷಗಳಿಂದ ಇದ್ದೀರಿ. ಎರಡು ವರ್ಷಗಳ ಹಿಂದೆ ಸೂಪರ್‌ವೈಸರ್ ಆದಿರಿ. ಅಂದಿನಿಂದ ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ಕೂಲಿ, ನಿಂತಿತು, ಕೆಲಸ ಮಾತ್ರ ಹನ್ನೆರಡು ಗಂಟೆಗೆ ಬೆಳೆಯಿತು, ರಾತ್ರಿ ಲೈನ್ ನಿಂತರೆ ಫೋನ್ ನಿಮಗೇ ಬರುತ್ತದೆ. ಕೈಗೆ ಬರುವ ಸಂಬಳ 46,000 ರೂಪಾಯಿ. ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ನಿಮ್ಮ ಶ್ರೀಮತಿಯವರಿಗೆ 11,000. ಕೋಲಾರದಲ್ಲಿ ಕಟ್ಟಿದ ಮನೆಯ ಸಾಲಕ್ಕೆ 16,200, ತಂಗಿಯ ಮದುವೆಗೆ ಮಾಡಿದ ಪರ್ಸನಲ್ ಲೋನಿಗೆ 11,900, ಕ್ರೆಡಿಟ್ ಕಾರ್ಡಿನ 60,000 ಬಾಕಿಗೆ ಕನಿಷ್ಠ ಮೊತ್ತವೆಂದು ಸುಮಾರು 3,000, ಸ್ನೇಹಿತರ ಚೀಟಿಗೆ 5,000. ಇವೆಲ್ಲದರ ಮೇಲೆ, ಊರಿನಲ್ಲಿ ತಂದೆಯವರು ಕೊರೆಸಿದ ಎರಡು ಬೋರ್‌ವೆಲ್‌ಗಳು 1,400 ಅಡಿಗೂ ನೀರು ಕೊಡದೆ ಹೋದಾಗ ನೀವು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದ 2 ಲಕ್ಷ ಕೈಸಾಲ. ಅದಕ್ಕೆ ತಿಂಗಳಿಗೆ 6,000. ಈ ಕೊನೆಯ ಸಾಲದ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದನ್ನು ಆವರಣದೊಳಗೆ, ಮುಖ್ಯವಲ್ಲದ ಮಾತಿನಂತೆ ಬರೆದಿದ್ದೀರಿ.

ನನಗೆ ಆ ಆವರಣದೊಳಗಿನ ವಾಕ್ಯವೇ ಪತ್ರದ ಮುಖ್ಯ ವಾಕ್ಯವೆಂದು ತೋರುತ್ತದೆ. ಕೆಲಸ ಬಿಡಬೇಕೇ, ಉಳಿಯಬೇಕೇ ಎಂದು ನೀವು ಕೇಳಿದ್ದೀರಿ. ಆದರೆ ನಿಮ್ಮನ್ನು ಆ ಕಾರ್ಖಾನೆಗೆ ಕಟ್ಟಿಹಾಕಿರುವುದು ನೀವು ಅತಿ ದೊಡ್ಡದೆಂದು ಹೆದರುವ ಮನೆ ಸಾಲವಲ್ಲ, ಎಲ್ಲಕ್ಕಿಂತ ಚಿಕ್ಕದಾಗಿ ಕಾಣುವ ಎರಡು ಬಾಕಿಗಳು: ಈ ಕೈಸಾಲ ಮತ್ತು ಕ್ರೆಡಿಟ್ ಕಾರ್ಡು. ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 36. ಎರಡು ವರ್ಷಗಳಲ್ಲಿ ನೀವು 1,44,000 ರೂಪಾಯಿ ಕೊಟ್ಟಿದ್ದೀರಿ. ಅಸಲು 2 ಲಕ್ಷ ಇಟ್ಟ ಹಾಗೆಯೇ ಇದೆ. ಇನ್ನು ಹತ್ತು ತಿಂಗಳು ಕಳೆದರೆ ತಂದಷ್ಟು ಹಣವನ್ನು ಬಡ್ಡಿಯಾಗಿಯೇ ಕಟ್ಟಿ ಮುಗಿಸಿರುತ್ತೀರಿ. ಕಾರ್ಡಿನದು ಇದಕ್ಕೂ ಕೆಟ್ಟದ್ದು: ನೀವೇ ಬರೆದಿರುವಂತೆ ತಿಂಗಳಿಗೆ ಶೇ. 3.5ರ ದರವಾದರೆ 60,000ಕ್ಕೆ ಬಡ್ಡಿಯೇ 2,100. ನೀವು ಕಟ್ಟುವ 3,000ದಲ್ಲಿ ಅಸಲಿಗೆ ಹೋಗುವುದು ಸಾವಿರಕ್ಕೂ ಕಡಿಮೆ.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು" ಎಂದು ನಿಮ್ಮ ಬಂಧುಗಳೊಬ್ಬರು ಹೇಳಿದರಂತೆ. ಈ ಗಾದೆಯನ್ನು ಹೇಳುವವರು ಸಾಮಾನ್ಯವಾಗಿ ತಮ್ಮ ತಂಗಿಯ ಮದುವೆ ಮುಗಿಸಿ, ತಮ್ಮ ಬಾವಿಯಲ್ಲಿ ನೀರು ಕಂಡವರೇ ಆಗಿರುತ್ತಾರೆ. ಅವರ ಮಾತನ್ನು ಅಲ್ಲಿಗೇ ಬಿಡಿ.

ಈಗ ಲೆಕ್ಕಕ್ಕೆ ಬರೋಣ. ಇಪ್ಪತ್ತು ತಿಂಗಳ, ಒಂದು ಲಕ್ಷದ ಚೀಟಿಯಲ್ಲಿ ನೀವು ಹದಿನಾಲ್ಕು ಕಂತು ಕಟ್ಟಿದ್ದೀರಿ, ಇನ್ನೂ ಎತ್ತಿಲ್ಲ. ಕೊನೆಯವರೆಗೆ ಕಾದರೆ ಹೆಚ್ಚು ಸಿಗುತ್ತದೆ ಎಂಬುದು ಎಲ್ಲರ ಆಸೆ, ಆದರೆ ಶೇ. 36ರ ಸಾಲವನ್ನು ತಲೆಯ ಮೇಲಿಟ್ಟುಕೊಂಡು ಚೀಟಿಯ ಲಾಭಕ್ಕೆ ಕಾಯುವುದು, ತೊಟ್ಟಿಯ ತಳ ಸೋರುತ್ತಿರುವಾಗ ಮೇಲಿನಿಂದ ನೀರು ತುಂಬಿದ ಹಾಗೆ. ನೋಂದಣಿಯಿಲ್ಲದ ಸ್ನೇಹಿತರ ಚೀಟಿಯಲ್ಲಿ ಹಣ ಬಹುಕಾಲ ಇರುವುದೂ ಒಳ್ಳೆಯದಲ್ಲ. ಈ ತಿಂಗಳೇ ಕೂಗಿ ಎತ್ತಿಕೊಳ್ಳಿ. ಕಡಿತ ಕಳೆದು 95,000 ಸಿಕ್ಕಿತೆಂದು ಇಟ್ಟುಕೊಂಡರೆ ಕಾರ್ಡಿನ ಬಾಕಿ ಪೂರ್ತಿ ತೀರಿ, 35,000 ಉಳಿಯುತ್ತದೆ. ಅದನ್ನು ಕೈಸಾಲದ ಅಸಲಿಗೆ ಕೊಡಿ. ಆಗ ಉಳಿಯುವುದು 1,65,000. ಚೀಟಿಯ ಉಳಿದ ಆರು ಕಂತುಗಳನ್ನು ಕಟ್ಟಲೇಬೇಕು. ಅದು ಈಗಲೂ ನಿಮ್ಮ ಲೆಕ್ಕದಲ್ಲಿ ಇರುವ ಖರ್ಚೇ.

ಆ 1,65,000ಕ್ಕೆ ದಾರಿ ನಿಮ್ಮ ಮನೆಯ ಬೀರುವಿನಲ್ಲಿದೆ. ಶ್ರೀಮತಿಯವರ ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಶೇ. 9.5ರ ಆಸುಪಾಸಿನಲ್ಲಿ ಅಷ್ಟು ಹಣ ಪಡೆದರೆ ಬಡ್ಡಿ ತಿಂಗಳಿಗೆ ಸುಮಾರು 1,300 ಆಗುತ್ತದೆ. ಇಂದು ಕೈಸಾಲಕ್ಕೂ ಕಾರ್ಡಿಗೂ ಸೇರಿ 9,000 ಕೊಡುತ್ತಿರುವ ಜಾಗದಲ್ಲಿ 1,300. ಉಳಿಯುವ 7,700ನ್ನು ಖರ್ಚಿಗೆ ಬಿಡದೆ ಒಡವೆ ಸಾಲದ ಅಸಲಿಗೇ ಕಟ್ಟುತ್ತಾ ಹೋದರೆ ಎರಡು ವರ್ಷದೊಳಗೆ ಒಡವೆ ಮನೆಗೆ ಬರುತ್ತದೆ. ಒಡವೆ ಸಾಲಕ್ಕೆ ಸಾಮಾನ್ಯವಾಗಿ ಒಂದು ವರ್ಷದ ಗಡುವು ಇರುತ್ತದೆ. ಆಗ ಉಳಿದ ಬಾಕಿಗೆ ಸಾಲವನ್ನು ನವೀಕರಿಸಿಕೊಳ್ಳಬೇಕು; ಅದನ್ನು ಮರೆತವರ ಒಡವೆ ಹರಾಜಿಗೆ ಹೋಗುತ್ತದೆ. ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಆದರೆ ಆ ಒಡವೆ ಅವರದು. ಅವರಿಗೆ ಹೇಳದೆ ಈ ದಾರಿ ತೆರೆಯುವುದಿಲ್ಲ, ಹೇಳದೆ ತೆರೆಯಲೂ ಬಾರದು. ಇಪ್ಪತ್ತು ವರ್ಷಗಳ ಹಿಂದೆ ಈ ಪತ್ರಿಕೆಯ ಮುದ್ರಣದ ಬಾಕಿಗಾಗಿ ನಾನು ಒಬ್ಬರ ಕೈಸಾಲ ತೀರಿಸಲು ಇನ್ನೊಬ್ಬರಲ್ಲಿ ತರುತ್ತಾ, ಹನ್ನೊಂದು ತಿಂಗಳು ಮನೆಯಲ್ಲಿ ಏನೂ ಹೇಳದೆ ಇದ್ದೆ. ಕೊನೆಗೆ ಒಂದು ಸಂಜೆ ಪ್ರೂಫ್ ಹಾಳೆಯ ಹಿಂಬದಿಯಲ್ಲಿ ಎಲ್ಲ ಸಾಲಗಳನ್ನೂ ಬರೆದು ನನ್ನಾಕೆಯ ಮುಂದೆ ಇಟ್ಟಾಗ ಅವಳು ಕೇಳಿದ ಮೊದಲ ಪ್ರಶ್ನೆ "ಇಷ್ಟೇನಾ?" ಎಂದು. ಅವಳು ನನ್ನ ಮುಖ ನೋಡಿ ಅದಕ್ಕಿಂತ ದೊಡ್ಡದನ್ನೇ ಊಹಿಸಿಕೊಂಡಿದ್ದಳು. ಆಮೇಲೆ ಎರಡು ದಿನ ಮಾತಾಡಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಮನೆ ಸಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ. 6.50ರಿಂದ 5.25ಕ್ಕೆ ಹಂತಹಂತವಾಗಿ ಇಳಿಸಿತು. ನಿಮ್ಮ ಸಾಲ ಬದಲಾಗುವ ಬಡ್ಡಿಯದಾದರೆ ಬ್ಯಾಂಕಿಗೆ ಹೋಗಿ ಈಗಿನ ದರವೆಷ್ಟೆಂದು ಬರಹದಲ್ಲಿ ಕೇಳಿ. ಬಡ್ಡಿ ಇಳಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಕಡಿಮೆ ಮಾಡುತ್ತವೆ; ಉಸಿರು ಕಟ್ಟಿರುವ ಈ ಎರಡು ವರ್ಷಗಳ ಮಟ್ಟಿಗೆ ನಿಮಗೆ ಬೇಕಾದದ್ದು ಕಂತಿನ ಇಳಿಕೆ. ದರ ಶೇ. 1 ಇಳಿದರೂ ತಿಂಗಳಿಗೆ ಸಾವಿರ ರೂಪಾಯಿಯಷ್ಟು ಉಳಿಯುತ್ತದೆ. ಕೈಸಾಲ ಕೊಟ್ಟವರು ಕಾರ್ಖಾನೆಯ ಗೇಟಿಗೆ ಬಂದು ಕೂಗಾಡಿದರೆಂದು ಬರೆದಿದ್ದೀರಿ. ಬಡ್ಡಿ ವ್ಯವಹಾರ ನಡೆಸುವವರಿಗೆ 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯಂತೆ ಪರವಾನಗಿ ಇರಬೇಕು. ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾನೂನನ್ನೂ ತಂದಿದೆ. ಹಣ ಹಿಂದಿರುಗಿಸುವ ಹೊಣೆ ಇದರಿಂದ ತಪ್ಪುವುದಿಲ್ಲ, ಅವಮಾನವನ್ನು ಸಹಿಸುವ ಹೊಣೆ ಮಾತ್ರ ನಿಮ್ಮದಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100.

ಇನ್ನು ತಂದೆಯವರು ಕೊರೆಸಬೇಕೆನ್ನುವ ಮೂರನೆಯ ಬೋರ್‌ವೆಲ್. ಒಂದು ಸಲ ಟೊಮೆಟೊಗೆ ರೇಟು ಸಿಕ್ಕರೆ ಎಲ್ಲ ಸಾಲವೂ ತೀರುತ್ತದೆ ಎಂದು ತಂದೆಯವರು ಹೇಳುತ್ತಿದ್ದಾರೆ. ಅವರ ಮಾತಿಗೆ ಆಧಾರವಿಲ್ಲ ಎನ್ನಲಾಗದು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಟೊಮೆಟೊವನ್ನು ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋದ ವರ್ಷಗಳನ್ನೂ ಕಂಡಿದ್ದೇವೆ. ಬರಬಹುದಾದ ರೇಟನ್ನು ನಂಬಿ ಬರಲೇಬೇಕಾದ ಕಂತನ್ನು ಕಟ್ಟಲಾಗುವುದಿಲ್ಲ. ಕೈಸಾಲ ಪೂರ್ತಿ ತೀರುವವರೆಗೆ ಊರಿನ ಹೊಲದಲ್ಲಿ ಹೊಸದಾಗಿ ಕೊರೆಸುವ ಮಾತು ಬೇಡವೆಂದು ನೀವೇ ಹೇಳಬೇಕು, ಅದೂ ಫೋನಿನಲ್ಲಲ್ಲ. ಎದುರು ಕುಳಿತು, ಈಗಾಗಲೇ ಕೊಟ್ಟ 1,44,000ದ ಲೆಕ್ಕವನ್ನು ಅವರಿಗೂ ತೋರಿಸಿ. ತಮಗಾಗಿ ಮಗ ಏನು ಹೊತ್ತಿದ್ದಾನೆಂಬುದು ತಿಳಿಯದ ತಂದೆ ಮೂರನೆಯ ಬಾವಿಯನ್ನು ಕೇಳುವುದರಲ್ಲಿ ಆಶ್ಚರ್ಯವೇನಿದೆ?

ಕೆಲಸದ ವಿಚಾರವನ್ನು ಕೊನೆಗೆ ಇಟ್ಟುಕೊಂಡದ್ದು ಉದ್ದೇಶಪೂರ್ವಕವಾಗಿಯೇ. "ಇದು ನನ್ನ ದುರ್ಬಲತೆಯೇ?" ಎಂದು ಕೇಳಿದ್ದೀರಿ. ಕೆಲಸದ ಒತ್ತಡ ತಿಂಗಳುಗಟ್ಟಲೆ ಇಳಿಯದಿದ್ದಾಗ ಆಗುವ ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, ಮಾಡಿದ್ದು ಯಾವುದೂ ಸರಿಯಾಗಲಿಲ್ಲ ಎಂಬ ಭಾವ, ಇವು ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿತು, ವ್ಯಕ್ತಿಯ ದೋಷವೆಂದಲ್ಲ. ವಾರಕ್ಕೆ 55 ಗಂಟೆ ಮೀರಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು ಎಂದು ಅದೇ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದವು. ನಿಮ್ಮದು 72. ಕಂಪನಿ ಬಸ್ಸಿಗೆ ಕಾಯುವಾಗ ಎದೆ ಬಿಗಿಯುತ್ತದೆ ಎಂದು ಬರೆದಿದ್ದೀರಿ. ಅದನ್ನು ಒತ್ತಡವೆಂದು ನೀವಾಗಿಯೇ ತೀರ್ಮಾನಿಸಬೇಡಿ, ಈ ವಾರವೇ ವೈದ್ಯರನ್ನು ಕಂಡು ಇಸಿಜಿ ಮಾಡಿಸಿ. "ಎಲ್ಲ ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಅನ್ನಿಸುತ್ತದೆ" ಎಂದೂ ಬರೆದಿದ್ದೀರಿ. ಅದರ ಅರ್ಥ ಪ್ರಾಣ ಬಿಡುವುದೆಂದಾದರೆ, ಈ ಪತ್ರಿಕೆಯನ್ನು ಕೆಳಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡುವವರಿದ್ದಾರೆ, ಹಣ ಕೊಡಬೇಕಾಗಿಲ್ಲ. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು.

ಕಾರ್ಖಾನೆಯ ಕೆಲಸಗಾರರಿಗೆ ವಾರಕ್ಕೆ 48 ಗಂಟೆ, ಮೀರಿದರೆ ಎರಡರಷ್ಟು ಕೂಲಿ ಎಂಬುದು 1948ರ ಕಾಯ್ದೆಯ ಕಾಲದಿಂದಲೂ ಬಂದ ನಿಯಮ. ಮೇಲ್ವಿಚಾರಕರು ಸಾಮಾನ್ಯವಾಗಿ ಇದರ ಹೊರಗೆ ಉಳಿಯುತ್ತಾರೆ. ನಿಮ್ಮ ಬಡ್ತಿಯ ಹಿಂದಿನ ಜಾಣತನ ಅದೇ ಇದ್ದೀತು. ಆದರೆ ಹುದ್ದೆಯ ಹೆಸರಿಗಿಂತ ಮಾಡುವ ಕೆಲಸದ ಸ್ವರೂಪವನ್ನು ನೋಡಬೇಕೆಂದು ನ್ಯಾಯಾಲಯಗಳು ಹೇಳುತ್ತಾ ಬಂದಿವೆ. ಇಂದಿನಿಂದಲೇ ಬಂದ ಹೊತ್ತು, ಹೋದ ಹೊತ್ತು, ರಾತ್ರಿಯ ಕರೆಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಎರಡು ತಿಂಗಳ ದಾಖಲೆ ಕೈಯಲ್ಲಿದ್ದಾಗ, ಪಾಳಿಗೊಬ್ಬರಂತೆ ರಾತ್ರಿಯ ಕರೆಯನ್ನು ಹಂಚಿಕೊಡಿ ಎಂದು ಕೇಳುವುದು ದೂರಾಗದೆ ಪ್ರಸ್ತಾಪವಾಗುತ್ತದೆ. ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿಯೂ ಈಗಿನಿಂದಲೇ ವಿಚಾರಿಸುತ್ತಿರಿ. ಬದಲಾಯಿಸಿದರೆ ಪಿಎಫ್ ಹಣವನ್ನು ತೆಗೆಯದೆ ಹೊಸ ಕಡೆಗೆ ವರ್ಗಾಯಿಸಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿಮಗೆ ಇನ್ನೆರಡೇ ಬಾಕಿ.

ಕಳೆದ ಸಂಚಿಕೆಯ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತಿಲ್ಲ, ಅದರ ತಾರೀಖನ್ನು ಮುಂದಕ್ಕೆ ಹಾಕುತ್ತಿದ್ದೇನೆ. ಕೈಸಾಲ ಮುಗಿದು ಮೂರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಕುಳಿತ ದಿನ ನೀವು ಮೇಲಧಿಕಾರಿಯ ಎದುರು ನಿಲ್ಲುವ ರೀತಿಯೇ ಬೇರೆಯಾಗಿರುತ್ತದೆ. ಅಷ್ಟರೊಳಗೆ ವೈದ್ಯರು ಬಿಡು ಎಂದರೆ ಮಾತ್ರ ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಬಿಡಿ.

ನಿಮಗೆ ವಾರದ ರಜೆ ಭಾನುವಾರ ಎಂದು ಬರೆದಿದ್ದೀರಿ. ಮಗಳು ಮಲಗಿದ ಮೇಲೆ, ನೀವು ನನಗೆ ಕಳಿಸಿದ ಇದೇ ಸಾಲದ ಪಟ್ಟಿಯನ್ನು, ಆವರಣ ಚಿಹ್ನೆಯನ್ನು ತೆಗೆದುಹಾಕಿ, ನಿಮ್ಮ ಶ್ರೀಮತಿಯವರಿಗೆ ಕೊಡಿ.

ಸಂಪಾದಕ